ಗಾಳಿ ಎಲ್ಲಿಂದ ನುಗ್ತಿದೆ? ಒಟ್ಟೊ ಫಾನ್ ಗೆರಿಕೆಯ ಕಥೆ

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ದುಡ್ಡು ಹಾಕಿ ಒಂದು ವ್ಯಾಕ್ಯೂಮ್ ಪಂಪ್ ಕೊಂಡೆವು. ಹೊಸದಲ್ಲ, ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೇ ಪಂಪ್. ಎ.ಸಿ. ರಿಪೇರಿ ಮಾಡುವವರು ಗ್ಯಾಸ್ ತುಂಬಿಸೋಕೆ ಮೊದಲು ಪೈಪಿನೊಳಗಿನ ಗಾಳಿ ಮತ್ತು ತೇವ ತೆಗೆಯೋಕೆ ಬಳಸುತ್ತಾರಲ್ಲ, ಅಂಥದ್ದು. ನಮಗೆ ಅದು ಬೇಕಾಗಿದ್ದು ಬೇರೆ ಕೆಲಸಕ್ಕೆ. ನಮ್ಮ ಪ್ರಾಜೆಕ್ಟಿನ ಪುಟ್ಟ ಗಾಡಿಗೆ ಫೈಬರ್ ಗ್ಲಾಸಿನ ಬಾಡಿ ಮಾಡಬೇಕಿತ್ತು. ಅಚ್ಚಿನ ಮೇಲೆ ಗ್ಲಾಸ್ ಬಟ್ಟೆ ಹಾಸಿ, ರೆಸಿನ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚನ್ನೆಲ್ಲ ಟೇಪಿನಿಂದ ಸೀಲ್ ಮಾಡಬೇಕು. ಆಮೇಲೆ ಒಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿಯೇ ಹಾಳೆಯನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತೆ. ಗುಳ್ಳೆಗಳೆಲ್ಲ ಹೋಗಿ ಬಾಡಿ ಗಟ್ಟಿಯಾಗಿ ಬರುತ್ತೆ.

ಪಂಪ್ ಓಡ್ತಿತ್ತು, ಸದ್ದೂ ಜೋರಾಗೇ ಇತ್ತು. ಆದ್ರೆ ಗೇಜಿನ ಮುಳ್ಳು 20 ಇಂಚು ದಾಟ್ತಾನೇ ಇರಲಿಲ್ಲ. ನಮ್ಮ ಗೇಜು ಹೊರಗಿನ ಗಾಳಿಯ ಒತ್ತಡಕ್ಕೆ ಸೊನ್ನೆ ತೋರಿಸಿ, ಒಳಗೆ ಖಾಲಿಯಾದ ಹಾಗೆ 30 ಇಂಚು ಪಾದರಸದ ಕಡೆ ಹೋಗುವಂಥದ್ದು. 20ಕ್ಕೆ ನಿಂತರೆ ಹಾಳೆ ಸಡಿಲ, ಬಾಡಿ ತುಂಬ ಗುಳ್ಳೆ. ನಾವು ಗಾಬರಿಯಲ್ಲಿ ಪೈಪ್, ಟೇಪ್, ಹಾಳೆ ಎಲ್ಲವನ್ನೂ ಒಂದೇ ಸಲ ಬದಲಿಸಿದೆವು. ಮುಳ್ಳು ಹಂಗೇ ಇತ್ತು. ತಪ್ಪು ಎಲ್ಲಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

ಆ ಬೇಜಾರಿನಲ್ಲಿ ಕೂತಿದ್ದಾಗ, ಈ ಪಂಪನ್ನು ಮೊದಲು ಮಾಡಿದವನು ಯಾರು ಅಂತ ಹುಡುಕಿದೆವು. ಹೈಸ್ಕೂಲ್ ಪುಸ್ತಕದಲ್ಲಿ ಒಂದು ಚಿತ್ರ ಇತ್ತು, ನೆನಪಿದೆಯಾ? ಒಂದು ಲೋಹದ ಗೋಳ, ಆ ಕಡೆ ಎಂಟು ಕುದುರೆ, ಈ ಕಡೆ ಎಂಟು ಕುದುರೆ. ಅದನ್ನು ಮಾಡಿಸಿದವನೇ ಒಟ್ಟೊ ಫಾನ್ ಗೆರಿಕೆ. ನಾವು ಅವನನ್ನು ಕುದುರೆ ಪ್ರಯೋಗದವನು ಅಂತ ಮಾತ್ರ ತಿಳಿದಿದ್ದೆವು. ಓದ್ತಾ ಹೋದ ಹಾಗೆ ಗೊತ್ತಾಯಿತು: ಕುದುರೆಗಳು ಬರೋಕೆ ಎಷ್ಟೋ ವರ್ಷ ಮೊದಲು ಆ ಮನುಷ್ಯ ನಮ್ಮ ಹಾಗೇ ಕೂತು, ಗಾಳಿ ಎಲ್ಲಿಂದ ನುಗ್ತಿದೆ ಅಂತ ಹುಡುಕ್ತಿದ್ದ.

ಸುಟ್ಟುಹೋದ ಊರು

ಗೆರಿಕೆ ಹುಟ್ಟಿದ್ದು 1602ರ ನವೆಂಬರಿನಲ್ಲಿ, ಜರ್ಮನಿಯ ಎಲ್ಬೆ ನದಿಯ ದಡದ ಮಾಗ್ಡೆಬುರ್ಗ್ ಊರಿನಲ್ಲಿ. ಮನೆತನ ಅನುಕೂಲವಾಗಿತ್ತು, ಊರಿನ ಆಡಳಿತದಲ್ಲಿ ಇದ್ದವರು. ಹುಡುಗ ಲೈಪ್‌ಜಿಗ್, ಹೆಲ್ಮ್‌ಸ್ಟೆಟ್, ಯೇನಾ ಊರುಗಳಲ್ಲಿ ಓದಿದ, ಮುಖ್ಯವಾಗಿ ಕಾನೂನು. ಆಮೇಲೆ ಹಾಲೆಂಡಿನ ಲೈಡನ್‌ಗೆ ಹೋಗಿ ಗಣಿತ ಮತ್ತು ಕೋಟೆ ಕಟ್ಟುವ ವಿದ್ಯೆ ಕಲಿತ. ಈಗಿನ ಲೆಕ್ಕದಲ್ಲಿ ಹೇಳೋದಾದ್ರೆ ಲಾ ಮುಗಿಸಿ ಸಿವಿಲ್ ಇಂಜಿನಿಯರಿಂಗ್ ಮಾಡಿದ ಹಾಗೆ. 1626ರಲ್ಲಿ ಊರಿಗೆ ಮರಳಿ ಮಾರ್ಗರೆತೆ ಅಲೆಮಾನ್ ಅನ್ನುವವಳನ್ನು ಮದುವೆಯಾದ, ನಗರಸಭೆಗೆ ಸೇರಿದ.

ಆ ಹೊತ್ತಿಗೆ ಮೂವತ್ತು ವರ್ಷಗಳ ಯುದ್ಧ ನಡೀತಾ ಇತ್ತು. ಧರ್ಮದ ಹೆಸರಲ್ಲಿ ಶುರುವಾಗಿ, ಯುರೋಪಿನ ಅರ್ಧ ರಾಜರು ಬಂದು ಸೇರಿಕೊಂಡ ಯುದ್ಧ ಅದು. 1631ರ ಮೇ ತಿಂಗಳಲ್ಲಿ ಸೇನಾಪತಿ ಟಿಲ್ಲಿಯ ಸೈನ್ಯ ಮಾಗ್ಡೆಬುರ್ಗಿನ ಕೋಟೆ ಒಡೆದು ಒಳಗೆ ನುಗ್ಗಿತು. ಲೂಟಿ, ಕೊಲೆ, ಕೊನೆಗೆ ಬೆಂಕಿ. ಸುಮಾರು 20,000 ಜನ ಸತ್ತರು. ಮುಂದಿನ ವರ್ಷ ಎಣಿಸಿದಾಗ ಊರಿನಲ್ಲಿ ಉಳಿದಿದ್ದವರು ಐನೂರಕ್ಕಿಂತ ಕಡಿಮೆ. ನಮ್ಮ ಕಾಲೇಜಿನ ಒಂದು ಬ್ಯಾಚಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದೇವೆ.

ಗೆರಿಕೆಯೂ ಆ ದಿನ ಊರೊಳಗೇ ಇದ್ದ. ಆಸ್ತಿ ಎಲ್ಲ ಹೋಯಿತು. ಸೆರೆಯಾಗಿ ಹತ್ತಿರದ ಸೇನಾ ಶಿಬಿರದಲ್ಲಿ ಕೂರಬೇಕಾಯಿತು. ಕೊನೆಗೆ ಒಬ್ಬ ಸಣ್ಣ ರಾಜ, ಆನ್‌ಹಾಲ್ಟ್-ಕೋಥೆನ್‌ನ ಲುಡ್‌ವಿಗ್, ಮಧ್ಯೆ ಬಂದ. 300 ಥಾಲರ್ ಕೊಟ್ಟ ಮೇಲೆ ಬಿಡುಗಡೆ ಆಯಿತು. ಹೊಟ್ಟೆಪಾಡಿಗೆ ಗೆರಿಕೆ ಎರ್‌ಫುರ್ಟ್‌ಗೆ ಹೋಗಿ ಸ್ವೀಡನ್ನಿನ ಸೈನ್ಯದಲ್ಲಿ ಇಂಜಿನಿಯರ್ ಕೆಲಸಕ್ಕೆ ಸೇರಿಕೊಂಡ. ಮೊದಲ ಮದುವೆಯ ಮೂರು ಮಕ್ಕಳಲ್ಲಿ ದೊಡ್ಡವನಾಗಿ ಬೆಳೆದಿದ್ದು ಒಬ್ಬನೇ ಮಗ.

ಬೇರೆ ಯಾರಾದ್ರೂ ಆಗಿದ್ರೆ ಆ ಊರಿನ ಕಡೆ ತಿರುಗಿಯೂ ನೋಡ್ತಿರಲಿಲ್ಲ ಅನ್ಸುತ್ತೆ. ಗೆರಿಕೆ ಮರುವರ್ಷವೇ ವಾಪಸ್ ಬಂದ. ಊರನ್ನು ಹೊಸದಾಗಿ ಕಟ್ಟೋಕೆ ನಕ್ಷೆ ಬರೆದ. ಸೇತುವೆ, ಕೋಟೆ ಅಂತ ಮುರಿದಿದ್ದನ್ನೆಲ್ಲ ಮತ್ತೆ ನಿಲ್ಲಿಸುವ ಕೆಲಸಕ್ಕೆ ಕೈ ಹಾಕಿದ. 1646ರಲ್ಲಿ ಊರಿನ ಮೇಯರುಗಳಲ್ಲಿ ಒಬ್ಬನಾದ. ಮುಂದಿನ ಎಷ್ಟೋ ವರ್ಷ ಅವನ ಮುಖ್ಯ ಕೆಲಸ ಒಂದೇ. ಯಾವ ರಾಜನ ಕೈಕೆಳಗೂ ಇಲ್ಲದ ಸ್ವತಂತ್ರ ನಗರ ಅಂತ ಮಾಗ್ಡೆಬುರ್ಗಿಗೆ ಮಾನ್ಯತೆ ಕೊಡಿಸೋದು. ಅದಕ್ಕಾಗಿ ಅರಮನೆಯಿಂದ ಅರಮನೆಗೆ, ಒಂದು ಸಂಧಾನದ ಸಭೆಯಿಂದ ಇನ್ನೊಂದಕ್ಕೆ ಅಲೆದ. ಈ ವಿಷಯಕ್ಕೆ ಆಮೇಲೆ ಬರ್ತೀವಿ.

ಪಂಪಿನ ಕೆಲಸ ಇದರ ನಡುವೆ ಸಿಕ್ಕ ಬಿಡುವಿನಲ್ಲಿ ನಡೆದಿದ್ದು.

ಮೊದಲ ಪೀಪಾಯಿ

ಆ ಕಾಲದ ಪಂಡಿತರಲ್ಲಿ ಹೆಚ್ಚಿನವರು, ಪೂರ್ತಿ ಖಾಲಿ ಜಾಗ ಅನ್ನೋದು ಇರೋಕೇ ಸಾಧ್ಯವಿಲ್ಲ ಅಂತ ನಂಬಿದ್ದರು. ಅರಿಸ್ಟಾಟಲನ ಕಾಲದಿಂದ ಬಂದ ಮಾತು ಅದು. ಹೊಸ ಕಾಲದ ಡೆಕಾರ್ಟ್ ಕೂಡ ಶೂನ್ಯವನ್ನು ಒಪ್ಪಿರಲಿಲ್ಲ. ಗೆರಿಕೆಗೆ ಮಾತ್ರ ಆಕಾಶದ ಬಗ್ಗೆ ಒಂದು ಅನುಮಾನ. ಕೊಪರ್ನಿಕಸ್ ಹೇಳಿದ ಹಾಗೆ ಗ್ರಹಗಳು ಸುತ್ತುತ್ತಾ ಇದ್ದರೆ, ದಾರಿ ತುಂಬ ಏನಾದ್ರೂ ವಸ್ತು ತುಂಬಿದ್ದರೆ ಅವು ಅದಕ್ಕೆ ತಗಲಿ ನಿಧಾನ ಆಗಬೇಕಲ್ಲ? ಹಾಗಾದ್ರೆ ಮಧ್ಯದ ಜಾಗ ಖಾಲಿಯೇ ಇರಬೇಕು. ವಾದ ಮಾಡ್ತಾ ಕೂರೋ ಬದಲು ನೆಲದ ಮೇಲೇ ಒಂದಿಷ್ಟು ಖಾಲಿ ಜಾಗ ಮಾಡಿ ನೋಡೋಣ ಅಂತ ಹೊರಟ. ಇದು 1650ರ ಆಸುಪಾಸಿನ ಮಾತು.

ಅವನ ಮೊದಲ ಪ್ರಯತ್ನ ತುಂಬ ಸರಳ. ಒಂದು ಮರದ ಪೀಪಾಯಿ ತಗೊಂಡು ಅದರ ತುಂಬ ನೀರು ತುಂಬಿದ. ಬಾಯಿಯನ್ನೆಲ್ಲ ಭದ್ರವಾಗಿ ಮುಚ್ಚಿ, ಕೆಳಗಡೆ ಒಂದು ಹಿತ್ತಾಳೆ ಪಂಪ್ ಜೋಡಿಸಿದ. ಬೆಂಕಿ ಆರಿಸೋಕೆ ಬಳಸುತ್ತಿದ್ದ ದೊಡ್ಡ ಪಿಚಕಾರಿಯಂಥದ್ದು, ಚರ್ಮದ ವಾಲ್ವ್ ಇರುವಂಥದ್ದು. ನೀರನ್ನು ಪೂರ್ತಿ ಹೊರಗೆ ಎಳೆದರೆ ಆ ಜಾಗಕ್ಕೆ ಬರೋಕೆ ಏನೂ ಇಲ್ಲ, ಹಾಗಾಗಿ ಉಳಿಯೋದು ಶೂನ್ಯವೇ ಅನ್ನೋದು ಅವನ ಲೆಕ್ಕ.

ಎಳೆದಾಗ ಮೊದಲು ಕಿತ್ತುಬಂದಿದ್ದು ಪಂಪು. ಪೀಪಾಯಿಗೆ ಬಿಗಿದಿದ್ದ ಪಟ್ಟಿ, ಸ್ಕ್ರೂ ತಡೀಲಿಲ್ಲ. ಗೆರಿಕೆ ಅದನ್ನು ಇನ್ನೂ ಗಟ್ಟಿಯಾಗಿ ಬಿಗಿಸಿದ. ಈ ಸಲ ಮೂರು ಜನ ಗಟ್ಟಿ ಆಳುಗಳು ಎಳೆದರು. ನೀರು ಬಂತು. ಆದ್ರೆ ಪೀಪಾಯಿಯ ಸುತ್ತಲೂ ನೀರು ಕುದಿಯುವ ಹಾಗೆ ಸದ್ದು ಶುರುವಾಯಿತು. ನೀರು ಖಾಲಿಯಾದ ಜಾಗಕ್ಕೆ ಮರದ ಸಂದಿಗಳಿಂದ ಗಾಳಿ ನುಗ್ತಾ ಇತ್ತು.

ಇಲ್ಲಿ ಓದೋದನ್ನು ನಿಲ್ಲಿಸಿ ನಾವು ನಮ್ಮ ಪಂಪಿನ ಕಡೆ ನೋಡಿದೆವು. ಗೆರಿಕೆಗೆ ಸದ್ದು ಕೇಳಿಸಿತು, ನಮ್ಮ ಹತ್ತಿರ ಗೇಜ್ ಇದೆ. ಎರಡೂ ಹೇಳೋದು ಒಂದೇ ವಿಷಯ: ಗಾಳಿ ಬರ್ತಿದೆ. ಎಲ್ಲಿಂದ ಅಂತ ಹೇಳಲ್ಲ.

ಗೆರಿಕೆ ಮಾಡಿದ ಮುಂದಿನ ಕೆಲಸ ನಮಗೆ ತುಂಬ ಇಷ್ಟವಾಯಿತು. ಒಂದು ಸಣ್ಣ ಪೀಪಾಯಿಯನ್ನು ದೊಡ್ಡ ಪೀಪಾಯಿಯೊಳಗೆ ಇಟ್ಟು, ಎರಡರಲ್ಲೂ ನೀರು ತುಂಬಿ, ಒಳಗಿನದರಿಂದ ಮಾತ್ರ ನೀರು ಎಳೆಸಿದ. ಈಗ ಒಳಗಿನ ಪೀಪಾಯಿಯ ಸುತ್ತ ಗಾಳಿಯೇ ಇಲ್ಲ, ಬರೀ ನೀರು. ಸಂದಿ ಇದ್ದರೂ ಗಾಳಿ ಬರೋ ಹಾಗಿಲ್ಲ. ಅಂದ್ರೆ ಅವನು ಎಲ್ಲವನ್ನೂ ಒಟ್ಟಿಗೆ ಬದಲಿಸಲಿಲ್ಲ. ಅನುಮಾನ ಬಂದ ಒಂದೇ ಒಂದು ದಾರಿಯನ್ನು ಮುಚ್ಚಿ ನೋಡಿದ. ಕುದಿಯುವ ಸದ್ದು ನಿಂತಿತು. ಆದ್ರೆ ಆಮೇಲೆ ಹಕ್ಕಿ ಚಿಲಿಪಿಲಿ ಮಾಡಿದ ಹಾಗೆ ಒಂದು ಸಣ್ಣ ಸದ್ದು ಬರೋಕೆ ಶುರುವಾಗಿ, ಮೂರು ದಿನ ನಡೀತು. ತೆಗೆದು ನೋಡಿದರೆ ಒಳಗಿನ ಪೀಪಾಯಿಯಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಮರದ ಮೈಯೇ ಸೋರುತ್ತೆ ಅನ್ನೋದು ಖಚಿತವಾಯಿತು. ಅಲ್ಲಿಗೆ ಮರದ ಕಥೆ ಮುಗೀತು.

ಅಪ್ಪಚ್ಚಿಯಾದ ಗೋಳ

ಮರ ಬೇಡ ಅಂದ ಮೇಲೆ ತಾಮ್ರ. ಗೆರಿಕೆ ಒಂದು ತಾಮ್ರದ ಗೋಳ ಮಾಡಿಸಿದ. ಈ ಸಲ ನೀರಿನ ಗೊಡವೆ ಬಿಟ್ಟು ನೇರವಾಗಿ ಗಾಳಿಯನ್ನೇ ಎಳೆಸಿದ. ಈ ಒಂದು ಹೆಜ್ಜೆ ಸಣ್ಣದಲ್ಲ. ನೀರಿನ ಹಾಗೆ ಗಾಳಿಯನ್ನೂ ಪಂಪಿನಿಂದ ತೆಗೆಯಬಹುದು ಅಂತ ಆ ದಿನ ಗೊತ್ತಾಯಿತು.

ಮೊದಮೊದಲು ಪಿಸ್ಟನ್ ಸಲೀಸಾಗಿ ಬಂತು. ಬರ್ತಾ ಬರ್ತಾ ಇಬ್ಬರು ಆಳುಗಳಿಗೂ ಎಳೆಯೋದು ಕಷ್ಟವಾಯಿತು. ಇನ್ನೇನು ಮುಗೀತು ಅನ್ನುವಾಗ ಢಮ್ ಅಂತ ಸದ್ದಾಗಿ ಗೋಳ ಅಪ್ಪಚ್ಚಿಯಾಯಿತು. ಲಾರಿ ಚಕ್ರದಡಿ ಸಿಕ್ಕ ಡಬ್ಬಿ ನೋಡಿದ್ದೀರಲ್ಲ, ಹಾಗೆ. ಅಲ್ಲಿದ್ದವರೆಲ್ಲ ಹೆದರಿದರು.

ನಮ್ಮ ಕಾಲೇಜಿನಲ್ಲಿ ಇಂಥದ್ದು ಆಗಿದ್ದರೆ ಅವತ್ತೇ ಪ್ರಾಜೆಕ್ಟ್ ಬಂದ್. ಗೆರಿಕೆ ಆ ಗೋಳವನ್ನು ನೋಡಿ ಕಾರಣ ಯೋಚಿಸಿದ. ಕೆಲಸಗಾರ ಅದನ್ನು ಸರಿಯಾಗಿ ಗುಂಡಗೆ ಮಾಡಿರಲಿಲ್ಲ. ನಿಜವಾದ ಗೋಳವಾದರೆ ಹೊರಗಿನ ಒತ್ತಡ ಎಲ್ಲ ಕಡೆ ಒಂದೇ ಸಮ ಬೀಳುತ್ತೆ, ಒಂದು ಭಾಗ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತೆ, ಕಲ್ಲಿನ ಕಮಾನಿನ ಹಾಗೆ. ಎಲ್ಲೋ ಒಂದು ಕಡೆ ಚಪ್ಪಟೆ ಇದ್ದರೆ ಅಲ್ಲಿಂದಲೇ ಒಳಗೆ ಬಾಗೋಕೆ ಶುರು. ಈಗ ನಾವು ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಪುಸ್ತಕದಲ್ಲಿ ಬಕ್ಲಿಂಗ್ ಅಂತ ಓದೋದು ಇದನ್ನೇ.

ಇನ್ನೂ ಗುಂಡಾದ ಇನ್ನೊಂದು ಗೋಳ ಮಾಡಿಸಿದ. ಅದು ನಿಂತಿತು. ಗಾಳಿ ತೆಗೆದು ಮುಗಿದ ಮೇಲೆ ನಲ್ಲಿ ತಿರುಗಿಸಿದರೆ ಹೊರಗಿನ ಗಾಳಿ ಎಷ್ಟು ಜೋರಾಗಿ ನುಗ್ಗಿತು ಅಂದ್ರೆ, ಹತ್ತಿರ ನಿಂತವರನ್ನೇ ಎಳೆದುಕೊಳ್ಳುವ ಹಾಗಿತ್ತು.

ಆದ್ರೂ ಕೆಲಸ ಮುಗೀಲಿಲ್ಲ. ಗೋಳವನ್ನು ಹಾಗೇ ಇಟ್ಟರೆ ನಿಧಾನವಾಗಿ ಗಾಳಿ ತುಂಬಿಕೊಳ್ತಿತ್ತು. ಪಾತ್ರೆ ಸರಿಯಾಯಿತು, ಹಾಗಾದ್ರೆ ಉಳಿದಿದ್ದು ನಲ್ಲಿ, ವಾಲ್ವ್, ಪಿಸ್ಟನ್ನಿನ ಅಂಚು. ಅದಕ್ಕೆ ಗೆರಿಕೆ ಕಂಡುಕೊಂಡ ಉಪಾಯ ಮತ್ತೆ ನೀರೇ. ಮುಂದೆ ಮಾಡಿದ ಪಂಪುಗಳಲ್ಲಿ ಗಾಳಿ ನುಗ್ಗಬಹುದಾದ ಜೋಡಣೆಗಳ ಸುತ್ತ ನೀರು ನಿಲ್ಲುವ ಹಾಗೆ ಮಾಡಿದ. ಸಂದಿ ಇದ್ದರೂ ಅಲ್ಲಿ ಗಾಳಿಗೆ ದಾರಿ ಇಲ್ಲ. ಕಬ್ಬಿಣದ ಮುಕ್ಕಾಲಿಯ ಮೇಲೆ ಪಂಪ್ ಕೂರಿಸಿ, ಎಳೆಯೋಕೆ ಉದ್ದನೆಯ ಹಿಡಿಕೆ ಇಟ್ಟ.

ನಮ್ಮ ಗುಜರಿ ಪಂಪಿನಲ್ಲಿ ಇದೇ ಕೆಲಸ ಮಾಡೋದು ಎಣ್ಣೆ. ಒಳಗೆ ಒಂದು ರೋಟರ್, ಅದರ ಸೀಳುಗಳಲ್ಲಿ ಜಾರುವ ಪಟ್ಟಿಗಳು. ಪಟ್ಟಿ ಮತ್ತು ಗೋಡೆಯ ನಡುವಿನ ಕೂದಲೆಳೆಯಷ್ಟು ಸಂದಿಯನ್ನು ಮುಚ್ಚೋದು ಎಣ್ಣೆಯ ತೆಳು ಪದರ. ಎಣ್ಣೆ ಕೆಟ್ಟರೆ ಪಂಪ್ ಎಷ್ಟೇ ಓಡಿದರೂ ಗಾಳಿ ಹಿಂದಕ್ಕೆ ಬರುತ್ತೆ. ಇದನ್ನು ಓದಿದ ಮೇಲೇ ನಾವು ಪಂಪಿನ ಪಕ್ಕದ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿದ್ದು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕಿತ್ತು!

ನಮ್ಮ ಪಂಪಿನ ಪರೀಕ್ಷೆ

ನಮ್ಮ ಏರಿಯಾದಲ್ಲಿ ಎ.ಸಿ. ರಿಪೇರಿ ಮಾಡುವ ಒಬ್ಬ ಅಣ್ಣನ ಹತ್ತಿರ ಕೇಳಿದೆವು. ಎಣ್ಣೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ ಅಂತ ಅರ್ಥ, ನೀರು ಒಳಗೇ ಆವಿಯಾಗ್ತಾ ಇರೋದರಿಂದ ಮುಳ್ಳು ಮೇಲೆ ಹೋಗಲ್ಲ ಅಂತ ವಿವರಿಸಿದರು. ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು. ಮೊದಲು ಪಂಪನ್ನು ಒಂಟಿ ಮಾಡಬೇಕು. ಪೈಪ್, ಹಾಳೆ ಎಲ್ಲ ಬಿಚ್ಚಿ, ಪಂಪಿನ ಬಾಯಿಗೆ ಗೇಜ್ ಮಾತ್ರ ಹಾಕಿ, ಉಳಿದಿದ್ದನ್ನು ಮುಚ್ಚಿ ಓಡಿಸಬೇಕು. ಆಗಲೂ ಮುಳ್ಳು ಏರದಿದ್ದರೆ ತಪ್ಪು ಪಂಪಿನದ್ದು. ಏರಿದರೆ ತಪ್ಪು ಹೊರಗಿನದ್ದು. ಪೀಪಾಯಿಯೊಳಗೆ ಪೀಪಾಯಿ ಇಟ್ಟ ಗೆರಿಕೆಯೂ ಇದನ್ನೇ ತಾನೇ ಮಾಡಿದ್ದು?

ಹಾಗೇ ಮಾಡಿದೆವು. ಮುಳ್ಳು 21ಕ್ಕೆ ನಿಂತಿತು. ಅಂದ್ರೆ ಪಂಪಿನದ್ದೇ ತಪ್ಪು. ಪಂಪನ್ನು ಬಿಸಿಯಾಗುವ ತನಕ ಓಡಿಸಿ, ನಿಲ್ಲಿಸಿ, ಎಣ್ಣೆ ಬಸಿದು ಹೊಸ ವ್ಯಾಕ್ಯೂಮ್ ಪಂಪ್ ಎಣ್ಣೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಅದೂ ಮಬ್ಬಾಯಿತು. ಮತ್ತೆ ಬಸಿದೆವು. ಮೂರನೇ ಸಲ ಹಾಕಿದ ಎಣ್ಣೆ ತಿಳಿಯಾಗೇ ಉಳಿಯಿತು. ನಡುವೆ ಗ್ಯಾಸ್ ಬ್ಯಾಲಸ್ಟ್ ಅನ್ನುವ ಸಣ್ಣ ವಾಲ್ವ್ ತೆಗೆದು ಓಡಿಸಿದೆವು. ಅದು ಬೇಕಂತಲೇ ಸ್ವಲ್ಪ ಗಾಳಿ ಬಿಟ್ಟುಕೊಂಡು, ಒಳಗಿನ ನೀರಾವಿ ಮತ್ತೆ ನೀರಾಗದೆ ಹೊರಗೆ ಹೋಗೋ ಹಾಗೆ ಮಾಡುತ್ತೆ. ಆಮೇಲೆ ಅದನ್ನು ಮುಚ್ಚಿದಾಗ ಮುಳ್ಳು ಹತ್ತತ್ತಿರ 27ಕ್ಕೆ ಬಂತು.

30 ಯಾಕೆ ಬರಲಿಲ್ಲ ಅಂತ ಮತ್ತೆ ಒಂದು ಸಂಜೆ ತಲೆ ಕೆಡಿಸಿಕೊಂಡೆವು. ಉತ್ತರ ಪಂಪಿನಲ್ಲಿ ಇರಲಿಲ್ಲ, ಬೆಂಗಳೂರಿನಲ್ಲಿ ಇತ್ತು. ನಾವಿರೋದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸದಷ್ಟು. ಇರೋದೇ 27 ಅಂದ ಮೇಲೆ 30 ತೆಗೆಯೋದು ಹೇಗೆ! ಎತ್ತರ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗುತ್ತೆ ಅಂತ ಪಾಸ್ಕಲ್ 1648ರಲ್ಲೇ ಫ್ರಾನ್ಸಿನ ಒಂದು ಬೆಟ್ಟಕ್ಕೆ ಪಾದರಸದ ಕೊಳವೆ ಹೊರಿಸಿ ತೋರಿಸಿದ್ದ. ಪರೀಕ್ಷೆಗೆ ಅದನ್ನು ಓದಿ ನಾವು ಮಾರ್ಕ್ಸ್ ಕೂಡ ತಗೊಂಡಿದ್ದೆವು. ಕೈಯಲ್ಲಿ ಗೇಜ್ ಹಿಡಿದಾಗ ನೆನಪಾಗಲಿಲ್ಲ, ಅಷ್ಟೇ.

ಕುದುರೆಗಳು ಬಂದಿದ್ದು ಆಮೇಲೆ

1654ರಲ್ಲಿ ರೇಗೆನ್ಸ್‌ಬುರ್ಗಿನಲ್ಲಿ ಸಾಮ್ರಾಜ್ಯದ ದೊಡ್ಡ ಸಭೆ ನಡೀತಿತ್ತು. ಗೆರಿಕೆ ಅಲ್ಲಿಗೆ ಹೋಗಿದ್ದು ತನ್ನ ಊರಿನ ಪರವಾಗಿ ಮಾತಾಡೋಕೆ. ಜೊತೆಗೆ ಪಂಪನ್ನೂ ಒಯ್ದಿದ್ದ. ಚಕ್ರವರ್ತಿ ಮೂರನೇ ಫರ್ಡಿನಾಂಡ್ ಮತ್ತು ರಾಜರುಗಳ ಎದುರು ಪ್ರಯೋಗ ತೋರಿಸಿದ. ಇಟಲಿಯ ಟಾರಿಚೆಲ್ಲಿ ಕೆಲವು ವರ್ಷ ಮೊದಲೇ ಪಾದರಸದ ಕೊಳವೆಯಲ್ಲಿ ಖಾಲಿ ಜಾಗ ಮಾಡಿದ್ದ ಸುದ್ದಿ ಗೆರಿಕೆಗೆ ತಿಳಿದಿದ್ದು ಅಲ್ಲೇ. ಮೈನ್ಸ್‌ನ ಆರ್ಚ್‌ಬಿಷಪ್ ಆ ಯಂತ್ರವನ್ನು ಕೊಂಡು ವುರ್ಟ್ಸ್‌ಬುರ್ಗಿನ ಜೆಸ್ಯೂಟ್ ಕಾಲೇಜಿಗೆ ಕಳಿಸಿದ. ಅಲ್ಲಿದ್ದ ಗಾಸ್ಪರ್ ಶಾಟ್ ಅನ್ನುವ ಪಾದ್ರಿ ಮೇಷ್ಟ್ರು 1657ರಲ್ಲಿ ತನ್ನ ಪುಸ್ತಕದಲ್ಲಿ ಅದರ ವಿವರ ಅಚ್ಚು ಹಾಕಿಸಿದ.

ಕುದುರೆಗಳ ಪ್ರಯೋಗ ಮಾಗ್ಡೆಬುರ್ಗಿನಲ್ಲಿ 1650ರ ದಶಕದಲ್ಲಿ ನಡೆಯಿತು. ಎರಡು ತಾಮ್ರದ ಅರ್ಧಗೋಳ, ನಡುವೆ ಮೇಣ ಮತ್ತು ಟರ್ಪೆಂಟೈನ್ ಕುಡಿಸಿದ ಚರ್ಮದ ಉಂಗುರ. ಈಗಿನ ಗ್ಯಾಸ್ಕೆಟ್ ಅಂದ್ರೆ ಅದೇ. ಒಳಗಿನ ಗಾಳಿ ತೆಗೆದ ಮೇಲೆ ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರು. ಬಿಡಿಸೋದು ಮಹಾ ಕಷ್ಟವಾಯಿತು. ನಲ್ಲಿ ತಿರುಗಿಸಿ ಗಾಳಿ ಬಿಟ್ಟರೆ ಕೈಯಲ್ಲೇ ಬಿಟ್ಟುಕೊಳ್ತಿತ್ತು.

ಲೆಕ್ಕ ನಾವೂ ಹಾಕಿ ನೋಡಿದೆವು. ಅಡ್ಡಳತೆ 40 ಸೆಂಟಿಮೀಟರ್ ಅಂತ ಹಿಡಿದರೂ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1,257 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಗಾಳಿ ಒತ್ತುವುದು ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ಖಾಲಿಯಾದರೆ ಒಟ್ಟು ಸುಮಾರು 1,300 ಕಿಲೋ. ಒಂದು ಮಧ್ಯಮ ಕಾರಿನ ತೂಕ. ಇನ್ನೊಂದು ಮಾತು. ಒಂದು ಕಡೆ ಗಟ್ಟಿ ಗೋಡೆಗೆ ಕಟ್ಟಿ ಇನ್ನೊಂದು ಕಡೆ ಎಂಟೇ ಕುದುರೆ ಕಟ್ಟಿದ್ದರೂ ಎಳೆತ ಅಷ್ಟೇ ಇರ್ತಿತ್ತು. ನ್ಯೂಟನ್ನಿನ ಮೂರನೇ ನಿಯಮ. ಆದ್ರೆ ನ್ಯೂಟನ್ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಮೇಲಾಗಿ ಹದಿನಾರು ಕುದುರೆ ನೋಡೋಕೆ ಬಂದ ಜನ ಎಂಟು ಕುದುರೆ ನೋಡೋಕೆ ಬರ್ತಿದ್ದರಾ?

ಪಂಪ್ ಎಷ್ಟು ಸಲ ಎಳೆದರೂ ಒಳಗೆ ಪೂರ್ತಿ ಸೊನ್ನೆ ಆಗಲ್ಲ ಅನ್ನೋದೂ ಲೆಕ್ಕ ಹಾಕಿದಾಗಲೇ ನಮಗೆ ಅರ್ಥವಾಗಿದ್ದು. ಪಂಪಿನ ಸಿಲಿಂಡರ್ ಗೋಳದ ಹತ್ತರಲ್ಲಿ ಒಂದು ಭಾಗ ಇದ್ದರೆ, ಪ್ರತಿ ಎಳೆತದಲ್ಲಿ ಹನ್ನೊಂದರಲ್ಲಿ ಒಂದು ಪಾಲು ಗಾಳಿ ಹೊರಗೆ ಹೋಗುತ್ತೆ, ಹತ್ತು ಪಾಲು ಉಳಿಯುತ್ತೆ. ಅರ್ಧ ಮಾಡೋಕೆ ಏಳು ಎಳೆತ. ಹತ್ತರಲ್ಲಿ ಒಂದು ಪಾಲಿಗೆ ಇಳಿಸೋಕೆ ಸುಮಾರು 24. ಅದೂ ಎಲ್ಲೂ ಸೋರದೇ ಇದ್ದರೆ. ಸೋರಿಕೆ ಇದ್ದರೆ, ಒಂದು ಎಳೆತದಲ್ಲಿ ಹೊರಗೆ ಹೋದಷ್ಟೇ ಗಾಳಿ ಒಳಗೆ ಬರುವ ಜಾಗದಲ್ಲಿ ಪಂಪ್ ನಿಂತುಬಿಡುತ್ತೆ. ಗೆರಿಕೆಯ ಆಳುಗಳು ಬೆವರು ಸುರಿಸಿ ಎಳೀತಾ ಇದ್ದಾಗ ಒಂದೊಂದು ಸಂದಿ ಮುಚ್ಚಿದ್ದಕ್ಕೂ ಬೆಲೆ ಇತ್ತು.

ಗೆದ್ದಿದ್ದು, ಸೋತಿದ್ದು

ಶಾಟ್ ಬರೆದ ಪುಸ್ತಕ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್‌ಗೆ ಗೊತ್ತಾಯಿತು. ರಾಬರ್ಟ್ ಹುಕ್‌ನ ಸಹಾಯದಿಂದ ಬಾಯ್ಲ್ 1659ರಲ್ಲಿ ಇನ್ನೂ ಉತ್ತಮವಾದ, ಬಳಸೋಕೆ ಸುಲಭವಾದ ಪಂಪ್ ಮಾಡಿಸಿದ. ಬಾಯ್ಲ್ ನಿಯಮ ಬಂದಿದ್ದು ಆ ದಾರಿಯಲ್ಲೇ. 1712ರಲ್ಲಿ ನ್ಯೂಕಾಮೆನ್ ಕಟ್ಟಿದ ಉಗಿ ಇಂಜಿನ್ನಿನಲ್ಲಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತಿದ್ದದ್ದು ಹೊರಗಿನ ಗಾಳಿ. ಅದರ ಪಿಸ್ಟನ್ನಿನ ಮೇಲೂ ಸಂದಿ ಮುಚ್ಚೋಕೆ ನೀರು ನಿಲ್ಲಿಸುತ್ತಿದ್ದರು.

ಗೆರಿಕೆ ಶೂನ್ಯದಲ್ಲಿ ಗಂಟೆಯ ಸದ್ದು ಕೇಳಿಸಲ್ಲ, ದೀಪ ಉರಿಯಲ್ಲ ಅಂತ ತೋರಿಸಿದ. ಮನೆಯ ಗೋಡೆಗುಂಟ ಹತ್ತು ಮೀಟರಿಗೂ ಎತ್ತರದ ನೀರಿನ ಬಾರೋಮೀಟರ್ ನಿಲ್ಲಿಸಿದ. ಅದರಲ್ಲಿ ತೇಲುವ ಮರದ ಗೊಂಬೆ ಏರಿಳಿದು ಹವಾಮಾನ ಹೇಳ್ತಿತ್ತು. 1660ರ ಡಿಸೆಂಬರಿನಲ್ಲಿ ನೀರು ತುಂಬ ಕೆಳಗೆ ಇಳಿದದ್ದನ್ನು ನೋಡಿ ಬಿರುಗಾಳಿ ಬರುತ್ತೆ ಅಂತ ಮೊದಲೇ ತಿಳಿಸಿದ. ಬಂತು.

ಆದ್ರೆ ಯಾವ ಕೆಲಸಕ್ಕೆ ಅಂತ ಊರು ಅವನನ್ನು ಇಪ್ಪತ್ತು ವರ್ಷ ಕಳಿಸಿತೋ ಅದು ಕೈಗೂಡಲಿಲ್ಲ. ಮಾಗ್ಡೆಬುರ್ಗಿಗೆ ಸ್ವತಂತ್ರ ನಗರದ ಮಾನ್ಯತೆ ಸಿಗಲಿಲ್ಲ. 1666ರಲ್ಲಿ ಊರು ಬ್ರಾಂಡೆನ್‌ಬುರ್ಗ್ ದೊರೆಗೆ ತಲೆಬಾಗಿ, ಅವನ ಸೈನ್ಯವನ್ನು ಕೋಟೆಯೊಳಗೆ ಇಟ್ಟುಕೊಳ್ಳಲು ಒಪ್ಪಬೇಕಾಯಿತು. ಅದೇ ವರ್ಷ ಚಕ್ರವರ್ತಿ ಗೆರಿಕೆಗೆ ಕುಲೀನ ಪದವಿ ಕೊಟ್ಟ. ಹೆಸರಿನ ನಡುವಿನ ಫಾನ್ ಬಂದಿದ್ದು ಆಗ. ತನ್ನ ಹೆಸರಿಗೆ ಮರ್ಯಾದೆ ಬಂದ ವರ್ಷವೇ ಊರು ಸೋತಿತು. ಅವನಿಗೆ ಹೇಗನ್ನಿಸಿರಬಹುದು ಅಂತ ನಾವು ತುಂಬ ಹೊತ್ತು ಮಾತಾಡಿಕೊಂಡೆವು.

1681ರಲ್ಲಿ ಪ್ಲೇಗ್ ಭಯಕ್ಕೆ ಊರು ಬಿಟ್ಟು, ಹಾಂಬುರ್ಗಿನಲ್ಲಿದ್ದ ಮಗನ ಮನೆಗೆ ಹೋದ. 1686ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡ. ವಯಸ್ಸು 83. ಅವನ ಅರ್ಧಗೋಳಗಳು ಈಗ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಮ್ಮಿನಲ್ಲಿವೆ. ಮಾಗ್ಡೆಬುರ್ಗಿನ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು.

ಬರೆದಿಟ್ಟ ಪುಸ್ತಕ

ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಗೆರಿಕೆ ಬರೆದ ಪುಸ್ತಕದಿಂದಾಗಿ. 1663ರಲ್ಲೇ ಬರೆದು ಮುಗಿಸಿದ್ದ, ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿದ್ದು 1672ರಲ್ಲಿ. ಅದರಲ್ಲಿ ಕುದುರೆಗಳ ದೊಡ್ಡ ಚಿತ್ರ ಇದೆ. ಹಾಗೇ ಕಿತ್ತುಬಂದ ಪಂಪು, ಸೋರಿದ ಪೀಪಾಯಿ, ಅಪ್ಪಚ್ಚಿಯಾದ ಗೋಳ ಎಲ್ಲವನ್ನೂ ಒಂದಾದ ಮೇಲೊಂದು ಬರೆದಿದ್ದಾನೆ. ಊರಿನ ಮೇಯರ್, ಚಕ್ರವರ್ತಿಯ ಮುಂದೆ ಪ್ರಯೋಗ ಮಾಡಿ ಗೆದ್ದವನು. ಇವನ್ನೆಲ್ಲ ಬಿಟ್ಟು ಗೆದ್ದ ಭಾಗ ಮಾತ್ರ ಬರೆದಿದ್ದರೂ ಕೇಳೋರು ಯಾರೂ ಇರಲಿಲ್ಲ.

ನಾವು ಲ್ಯಾಬ್ ರೆಕಾರ್ಡ್ ಬರೆಯೋದು ಹೇಗೆ ಅಂತ ನಿಮಗೆ ಗೊತ್ತೇ ಇದೆ. ರೀಡಿಂಗ್ ಸರಿ ಬರದಿದ್ದರೆ ಪಕ್ಕದ ಬ್ಯಾಚಿನದ್ದು ನೋಡಿ ಸರಿ ಮಾಡ್ತೀವಿ. ಗ್ರಾಫ್ ನೇರ ಗೆರೆ ಬರಬೇಕು, ಬರುತ್ತೆ. ಯಾಕೆ ಸರಿ ಬರಲಿಲ್ಲ ಅನ್ನೋದು ಯಾವ ಪುಟದಲ್ಲೂ ಇರಲ್ಲ. ನಮ್ಮ ಪಂಪಿನ ವಿಷಯದಲ್ಲೂ ಮೊದಲು ರಿಪೋರ್ಟಿಗೆ ಹಾಕಿದ್ದು ಕೊನೆಯ 27 ಇಂಚು ಮಾತ್ರ.

ಅಷ್ಟರಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಪಂಪ್ ಸರಿಯಾದ ಮೇಲೆ ಪೈಪ್ ಮತ್ತು ಹಾಳೆ ಜೋಡಿಸಿ, ಮುಳ್ಳು 26ಕ್ಕೆ ಬಂದಾಗ ಮಧ್ಯದ ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿ, ಗಡಿಯಾರ ಹಿಡಿದು ಕೂತೆವು. ಸ್ವಲ್ಪ ಇಳಿದು ನಿಂತರೆ ಒಳಗಿನ ತೇವ ಆವಿಯಾಗಿದ್ದು ಅಂತ ಅಂದುಕೊಳ್ಳಬಹುದು. ಒಂದೇ ಸಮ ಇಳೀತಾ ಹೋದರೆ ಎಲ್ಲೋ ತೂತಿದೆ. ನಮ್ಮದು ಒಂದೇ ಸಮ ಇಳೀತು. ಈ ಸಲ ಗಾಬರಿ ಆಗಲಿಲ್ಲ. ಮೊದಲು ಹಾಳೆ ಬಿಚ್ಚಿ ಪೈಪನ್ನು ಮಾತ್ರ ಪರೀಕ್ಷಿಸಿದೆವು. ಆಗಲೂ ಇಳೀತು. ಪೈಪಿನ ತುದಿಯ ಪುಟ್ಟ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು. ಹೊಸದು ಹಾಕಿದ ಮೇಲೆ ಮುಳ್ಳು ನಿಂತಿತು. ಮೊದಲ ದಿನ ಪೈಪ್ ಬದಲಿಸಿದಾಗ ಹಳೇ ಪೈಪಿನ ಅದೇ ವಾಷರನ್ನು ಹೊಸ ಪೈಪಿಗೂ ನಾವೇ ಹಾಕಿದ್ದೆವು!

ಕಾರಿನ ಬಾಡಿ ಈಗ ಚೆನ್ನಾಗಿ ಬಂದಿದೆ, ಮೂಲೆಯಲ್ಲಿ ಎರಡು ಮೂರು ಗುಳ್ಳೆ ಬಿಟ್ಟರೆ. ರಿಪೋರ್ಟಿಗೆ ಒಂದು ಪುಟ ಸೇರಿಸಿದೆವು. ಕೆಟ್ಟ ಎಣ್ಣೆ, 30ಕ್ಕೆ ಕಾದ ಸಂಜೆ, ಬಿರುಕು ವಾಷರ್, ಎಲ್ಲ ತಾರೀಖಿನ ಸಮೇತ ಅದರಲ್ಲಿವೆ. ಆ ಪುಟಕ್ಕೆ ಮಾರ್ಕ್ಸ್ ಸಿಗುತ್ತೋ ಇಲ್ವೋ ನೋಡಬೇಕು. ಅದರದ್ದೇ ಒಂದು ಪ್ರತಿಯನ್ನು ಪಂಪಿನ ಹಿಡಿಕೆಗೆ ಕಟ್ಟಿದ್ದೇವೆ. ಮುಂದಿನ ವರ್ಷ ನಮ್ಮ ಜೂನಿಯರ್‌ಗಳು ಈ ಪಂಪ್ ತಗೊಂಡಾಗ, ಮುಳ್ಳು ಏರದಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಗೊತ್ತಿರುತ್ತೆ.